ಮನೆ ಗುಂಪು, ನುಚ್ಚು ಮತ್ತು ಎಂಟು ಸಾಲಿನ ಹಾಳೆ

ನಮ್ಮ ಮನೆ ಗುಂಪಿನಲ್ಲಿ ಗುಡ್ ಮಾರ್ನಿಂಗ್ ಹೂವು, ನೆಲ್ಲಿನ ರೇಟು, ತುಂಗಭದ್ರಾ ಡ್ಯಾಮಿನ ನೀರಿನ ಮಟ್ಟ ಬಿಟ್ಟರೆ ಜಾಸ್ತಿ ಏನೂ ಬರುವುದಿಲ್ಲ. ಶುಕ್ರವಾರ ರಾತ್ರಿ ಗಂಗಾವತಿಯಿಂದ ತಮ್ಮ ಒಂದು ಫೋಟೊ ಹಾಕಿದ. ನೋಟ್‌ಬುಕ್ಕಿನ ಹಾಳೆ, ಎಂಟು ಸಾಲು, ಸಾಲಿಗೆ ಮೂರು ಪ್ಲಸ್ಸು ಮೈನಸ್ಸು. ಆಮೇಲೆ ನಡೆದದ್ದು ಕೆಳಗಿದೆ. ಸ್ಟಿಕ್ಕರ್‌ಗಳನ್ನು ಬಿಟ್ಟಿದ್ದೇನೆ. ಗಂಗಾವತಿಯಲ್ಲಿ ಅಕ್ಕಿ ಗಿರಣಿ ನಡೆಸುವ ದೊಡ್ಡಪ್ಪ ಮತ್ತು ಅವರ ಮಗ, ಅಂದರೆ ಈ ತಮ್ಮ, ಒಂದೇ ಮನೆಯಲ್ಲಿ ಕೂತು ಗುಂಪಿನಲ್ಲಿ ಜಗಳ ಆಡುತ್ತಿದ್ದರು ಅನ್ನುವುದು ನೆನಪಿರಲಿ.

ದೊಡ್ಡಪ್ಪ: ಇದೇನಪ್ಪ, ಮಟ್ಕಾ ಚಾರ್ಟಾ?

ತಮ್ಮ: ಅಪ್ಪಾ, ನುಚ್ಚು ಕಡಿಮೆ ಮಾಡೋದಕ್ಕೆ. ನೆಲ್ಲಿನ ತೇವ, ಹೊಟ್ಟು ಬಿಡಿಸೋ ರಬ್ಬರ್ ರೋಲಿನ ಗ್ಯಾಪು, ತೌಡು ತೆಗೆಯೋ ಪಾಲಿಶರಿನ ಬಿಗಿ. ಮೂರಕ್ಕೂ ಎರಡೆರಡು ಮಟ್ಟ, ಜಾಸ್ತಿಗೆ ಪ್ಲಸ್, ಕಮ್ಮಿಗೆ ಮೈನಸ್. ಎಲ್ಲಾ ಜೋಡಣೆ ಸೇರಿ 8. ಪ್ರತಿ ಸಾರಿ 100 ಗ್ರಾಂ ಅಕ್ಕಿ ತೆಗೆದು, ನುಚ್ಚು ಆರಿಸಿ ತೂಗೋದು.

ದೊಡ್ಡಪ್ಪ: ಎಂಟು ಸಾರಿ! ಸೋನಾ ಮಸೂರಿ ಯಾರಪ್ಪಂದು?

ಬಳ್ಳಾರಿ ಮಾವ: ನಿಮ್ಮದೇ ಅಲ್ವಾ ಭಾವ. ಆದರೆ ಹುಡುಗ ತಪ್ಪು ಮಾಡ್ತಿದ್ದಾನೆ. ಒಂದು ಸಲಕ್ಕೆ ಒಂದೇ ಬದಲಿಸಬೇಕು. ಮೂರನ್ನೂ ಕಲಸಿದರೆ ಯಾವುದರಿಂದ ಏನಾಯಿತು ಅಂತ ಹೇಗೆ ಗೊತ್ತಾಗುತ್ತೆ? ಶಾಲೆಯಲ್ಲೇ ಕಲಿಸಿದ್ದಾರೆ.

ರಾಯಚೂರು ಅಕ್ಕ: ಮಾವ, ಇಂಗ್ಲೆಂಡಿನ ರೋಥಮ್‌ಸ್ಟೆಡ್ ಅನ್ನೋ ಕಡೆ ಹೊಲದ ಪ್ರಯೋಗ ಮಾಡ್ತಿದ್ದ ರೊನಾಲ್ಡ್ ಫಿಶರ್ ಈ ಮಾತನ್ನ 1926ರಲ್ಲೇ ಒಪ್ಪಲಿಲ್ಲ. ಆ ಹಾಳೆಯಲ್ಲಿ ತೇವದ ಕಾಲಮ್ ನೋಡಿ. 4 ಪ್ಲಸ್, 4 ಮೈನಸ್. ತೇವದ ಪ್ರಶ್ನೆಗೆ ಎಂಟೂ ಸಾರಿ ಉತ್ತರ ಕೊಡುತ್ತೆ. ಗ್ಯಾಪಿಗೂ ಅದೇ ಎಂಟು, ಪಾಲಿಶಿಗೂ ಅದೇ ಎಂಟು. ಒಂದೊಂದೇ ಬದಲಿಸಿ ಅಷ್ಟೇ ಗಟ್ಟಿ ಉತ್ತರ ಬೇಕು ಅಂದರೆ, ಏನೂ ಬದಲಿಸದೆ 4, ಒಂದೊಂದು ಬದಲಾವಣೆಗೂ 4, ಹೀಗೆ 16 ಸಾರಿ ಓಡಿಸಬೇಕು.

(ಅಕ್ಕ ಡಿಗ್ರಿ ಕಾಲೇಜಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡುತ್ತಾಳೆ. ಇಷ್ಟು ದಿನ ಗುಂಪಿನಲ್ಲಿ ಬರೀ ಹುಟ್ಟುಹಬ್ಬದ ಶುಭಾಶಯ ಹೇಳುತ್ತಿದ್ದಳು.)

ದೊಡ್ಡಪ್ಪ: ಹೊಲದ ಮಾತು ಗಿರಣಿಗೆ ನಡೆಯಲ್ಲಮ್ಮ. ಇದು ಮಷೀನು.

ಅಕ್ಕ: ಮಷೀನಿನ ಕಥೆನೇ ಹೇಳ್ತೀನಿ ದೊಡ್ಡಪ್ಪ. ಬೇರಿಂಗ್ ಮಾಡೋ ಎಸ್‌ಕೆಎಫ್ ಗೊತ್ತಲ್ಲ? ಅವರಿಗೆ ಗುಂಡುಗಳನ್ನ ಹಿಡಿದಿಡೋ ಕೇಜನ್ನ ಅಗ್ಗದ್ದು ಹಾಕಬಹುದಾ ಅಂತ ನೋಡಬೇಕಿತ್ತು. ಹೇಗೂ ಪರೀಕ್ಷೆ ಮಾಡ್ತಿದ್ದೀವಿ ಅಂತ ಇನ್ನೆರಡು ವಿಷಯ ಸೇರಿಸಿದರು. ಉಕ್ಕನ್ನ ಕಾಯಿಸಿ ಹದ ಮಾಡೋದು ಒಂದು, ಹೊರಗಿನ ರಿಂಗಿನ ಬಾಗು ಇನ್ನೊಂದು. ಇದೇ ಥರ ಎಂಟು ಸಾಲು. ಆರು ಸಾಲಲ್ಲಿ ಬಾಳಿಕೆಯ ಅಂಕಿ 16ರಿಂದ 26ರ ಒಳಗೇ. ಹದ, ಬಾಗು ಎರಡೂ ಒಟ್ಟಿಗೆ ಬದಲಾದ ಎರಡು ಸಾಲಲ್ಲಿ 85 ಮತ್ತು 128!

ಮಾವ: ಅಕ್ಷರ ತಪ್ಪು ಇರಬೇಕು.

ಅಕ್ಕ: ಇಲ್ಲ ಮಾವ. ಹದ ಒಂದನ್ನೇ ಬದಲಿಸಿದರೂ ಏನೂ ಇಲ್ಲ, ಬಾಗು ಒಂದನ್ನೇ ಬದಲಿಸಿದರೂ ಏನೂ ಇಲ್ಲ. ನಿಮ್ಮ ಕ್ರಮದಲ್ಲಿ ಹೋಗಿದ್ದರೆ ಎರಡನ್ನೂ ನೋಡಿ ಬಿಟ್ಟುಬಿಡ್ತಿದ್ದರು. ಯಾವ ಕೇಜು ಹಾಕಿದರೂ ಹೆಚ್ಚು ವ್ಯತ್ಯಾಸ ಇಲ್ಲ ಅಂತಾನೂ ಗೊತ್ತಾಯಿತು.

ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ದೊಡ್ಡಪ್ಪ ಟೈಪ್ ಮಾಡುತ್ತಿದ್ದಾರೆ ಅಂತ ತೋರಿಸುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ತೋರಿಸುತ್ತಿತ್ತು.

ದೊಡ್ಡಪ್ಪ: ಬೇರಿಂಗ್ ಇರಲಿ. ಅಕ್ಕಿಗೆ ಇದೆಲ್ಲ ಬೇಡ. 30 ವರ್ಷದಿಂದ ಕಾಳನ್ನ ಹಲ್ಲಲ್ಲಿ ಕಡಿದು ತೇವ ಹೇಳ್ತೀನಿ. ನೆಲ್ಲು ಹಸಿ ಇದ್ದ ದಿನ ಪಾಲಿಶ್ ಬಿಗಿ ಮಾಡಬೇಡ, ತೌಡು ಜಾಲರಿಗೆ ಅಂಟುತ್ತೆ, ಕಾಳು ಮುರಿಯುತ್ತೆ ಅಂತ ನಿನಗೆ ಹೇಳಿಕೊಟ್ಟಿದ್ದು ಯಾರು?

ತಮ್ಮ: ನೀವೇ. ಆದರೆ ‘ಹಸಿ ಇದ್ದ ದಿನ’ ಅಂದಿರಲ್ಲ ಅಪ್ಪಾ, ಈ ಹಾಳೆ ಹುಡುಕ್ತಿರೋದು ಅದನ್ನೇ. ಪಾಲಿಶ್ ಬಿಗಿ ಒಳ್ಳೆಯದಾ ಕೆಟ್ಟದ್ದಾ ಅನ್ನೋದು ತೇವದ ಮೇಲೆ ನಿಂತಿದೆ. ಎಷ್ಟರ ಮಟ್ಟಿಗೆ ಅಂತ ತೂಗಿ ನೋಡೋಣ ಅಂತಿದ್ದೀನಿ, ಅಷ್ಟೇ.

ದೊಡ್ಡಪ್ಪ: ಹಾಗಿದ್ದರೆ ತೇವಕ್ಕೆ ಶೇಕಡಾ 11 ಮತ್ತು 17 ಅಂತ ಯಾಕೆ ಬರೆದಿದ್ದೀಯ? 17ರ ನೆಲ್ಲನ್ನ ಯಾವ ಗಿರಣಿಯವನು ಹಾಪರಿಗೆ ಸುರೀತಾನೆ? 12 ಮತ್ತು 14 ಮಾಡು.

ನಾನು: ದೊಡ್ಡಪ್ಪ ಒಪ್ಪಿದರು!

ದೊಡ್ಡಪ್ಪ: ಯಾರು ಒಪ್ಪಿದ್ದು? ಇನ್ನೊಂದು ಕೇಳ್ತೀನಿ. 12ಕ್ಕೂ 14ಕ್ಕೂ ನುಚ್ಚು ಒಂದೇ ಬಂತು ಅಂತ ಇಟ್ಕೊ. 13ರಲ್ಲಿ ಎಲ್ಲಕ್ಕಿಂತ ಕಡಿಮೆ ಇದ್ದರೆ ನಿನ್ನ ಪ್ಲಸ್ಸು ಮೈನಸ್ಸಿಗೆ ಕಾಣುತ್ತಾ?

ಅಕ್ಕ: ಕಾಣಲ್ಲ ದೊಡ್ಡಪ್ಪ. ನನ್ನ ಕ್ಲಾಸಲ್ಲಿ ಇದನ್ನ ಯಾರೂ ಕೇಳಲ್ಲ. ಅದಕ್ಕೇ ಮೂರನ್ನೂ ನಡುವಿನ ಮಟ್ಟಕ್ಕೆ ಇಟ್ಟು ಒಂದು ಮೂರು ಸಾರಿ ಓಡಿಸಬೇಕು. ಏನೂ ಬದಲಿಸದೆ ಓಡಿಸಿದರೂ ನುಚ್ಚು ಎಷ್ಟು ಹೆಚ್ಚುಕಮ್ಮಿ ಆಗುತ್ತೆ ಅಂತಾನೂ ಅದರಲ್ಲೇ ಗೊತ್ತಾಗುತ್ತೆ.

ದೊಡ್ಡಪ್ಪ: ಅಂದರೆ ಈಗ 11 ಸಾರಿ. ನಾನು ಬಾಯಿ ಬಿಟ್ಟಷ್ಟೂ ಬೆಳೀತಾ ಇದೆ.

ಮಾವ: ಕಡಿಮೆ ಸಾರಿಯಲ್ಲಿ ಮುಗಿಸೋ ದಾರಿ ಇಲ್ವಾ?

ಅಕ್ಕ: ಇದೆ. ಅದರಲ್ಲಿ ದೊಡ್ಡ ಹೆಸರು ಸ್ಟ್ಯಾಟಿಸ್ಟಿಕ್ಸಿನ ಸಿ.ಆರ್. ರಾವ್. 1920ರಲ್ಲಿ ಹೂವಿನ ಹಡಗಲಿಯಲ್ಲಿ ಹುಟ್ಟಿದವರು ಮಾವ, ಆಗ ನಿಮ್ಮ ಬಳ್ಳಾರಿ ಜಿಲ್ಲೆನೇ. ಸ್ವಲ್ಪವೇ ಸಾಲಿನಲ್ಲಿ ತುಂಬಾ ವಿಷಯ ನೋಡೋ ಪಟ್ಟಿಗಳ ಬಗ್ಗೆ 1947ರಲ್ಲಿ ಬರೆದರು. ಜಪಾನಿನ ಇಂಜಿನಿಯರ್ ತಾಗುಚಿ ಅಂಥ ಪಟ್ಟಿಗಳನ್ನೇ ಕಾರ್ಖಾನೆಗಳಲ್ಲಿ ಬಳಸಿದ್ದು.

ಮಾವ: ಹಡಗಲಿ ಅಂದ್ರೆ ಮಲ್ಲಿಗೆ ಅಂತಷ್ಟೇ ಗೊತ್ತಿತ್ತು ನನಗೆ. ಹಾಗಾದರೆ ನಾಲ್ಕೇ ಸಾರಿ ಮಾಡಲಿ.

ಅಕ್ಕ: ಮಾಡಬಹುದು. ಆದರೆ ಆಗ ಗ್ಯಾಪಿನ ಪರಿಣಾಮ, ತೇವ ಮತ್ತು ಪಾಲಿಶಿನ ಜೋಡಿ ಪರಿಣಾಮ ಎರಡೂ ಒಂದರಲ್ಲಿ ಒಂದು ಬೆರೆತು ಬರುತ್ತೆ. ಬಿಡಿಸೋಕೆ ಆಗಲ್ಲ. ದೊಡ್ಡಪ್ಪ ಹೇಳಿದ್ದೇ ಆ ಜೋಡಿ.

ತಮ್ಮ: ಸರಿ, ನಾನು ಸಾಲು 1ರಿಂದ ಕ್ರಮವಾಗಿ ಶುರು ಮಾಡ್ತೀನಿ.

ದೊಡ್ಡಪ್ಪ: ಲೋ, ಬೆಳಿಗ್ಗೆ ರೋಲು ತಣ್ಣಗಿರುತ್ತೆ, ಮಧ್ಯಾಹ್ನಕ್ಕೆ ಕಾದಿರುತ್ತೆ. ನಿನ್ನ ಹಾಳೆಯಲ್ಲಿ ಪಾಲಿಶ್ ಬಿಗಿ ಮಾಡೋ ನಾಲ್ಕೂ ಸಾಲು ಕೊನೆಗಿವೆ. ನುಚ್ಚು ಜಾಸ್ತಿ ಬಂದರೆ ಪಾಲಿಶಿನ ತಪ್ಪಾ, ಬಿಸಿಯ ತಪ್ಪಾ?

ಅಕ್ಕ: ಯಾವ ಸಾಲು ಯಾವಾಗ ಅಂತ ಚೀಟಿ ಎತ್ತಿ.

ದೊಡ್ಡಮ್ಮ: ಎಲ್ಲರೂ ಮಲಗಿ ಇನ್ನು. ಹಾಲ್‌ನಲ್ಲಿ ಒಬ್ಬರು, ರೂಮಲ್ಲಿ ಒಬ್ಬರು, ಫೋನ್ ಹಿಡ್ಕೊಂಡು ಕೂತಿದ್ದಾರೆ. ಆ ನುಚ್ಚು ಮನೆಗೆ ಕಳಿಸಿ, ಉಪ್ಪಿಟ್ಟಿಗಾಗುತ್ತೆ.

ಭಾನುವಾರ ಬೆಳಿಗ್ಗೆ 6:40ಕ್ಕೆ ಒಂದು ಫೋಟೊ ಬಂತು. ಮೊರದಲ್ಲಿ ಮಡಚಿದ 11 ಚೀಟಿ, ಪಕ್ಕದಲ್ಲಿ ದೊಡ್ಡಮ್ಮನ ಹಸಿರು ಬಳೆಯ ಕೈ.

ದೊಡ್ಡಪ್ಪ: ಮೊದಲು ಬಂದದ್ದು 6. ತೇವ 14, ಗ್ಯಾಪು ಕಮ್ಮಿ, ಪಾಲಿಶ್ ಬಿಗಿ. ಬೇಡ ಅಂದಿದ್ದೇ ಮೊದಲು ಬಂದಿದೆ. ನಿನ್ನೆಯ ನೆಲ್ಲು ಇನ್ನೂ ನೆಲ್ಲು ಮೇಲೆತ್ತೋ ಎಲಿವೇಟರಲ್ಲಿ ಇದೆ, ಅದು ಪೂರ್ತಿ ಖಾಲಿ ಆಗೋವರೆಗೂ ಯಾರೂ ತಕ್ಕಡಿ ಮುಟ್ಟಬೇಡಿ.