ಡೇಲೈಟ್ ಅಂತ ಬರೆದಿದ್ದರೆ ಸಾಕಾ?

ಪ್ರಶ್ನೆ: ನಮ್ಮದು ಸಣ್ಣ ಆಫ್‌ಸೆಟ್ ಪ್ರೆಸ್, ಅಗರಬತ್ತಿ ಡಬ್ಬಿ ಕೆಲಸವೇ ಜಾಸ್ತಿ. ಮೆಷಿನ್ ಹತ್ತಿರ ಪ್ರೂಫ್‌ಗೆ (ಗಿರಾಕಿ ಒಪ್ಪಿದ ಮಾದರಿ ಪ್ರಿಂಟ್) ಸರಿಯಾಗಿ ಹೊಂದುವ ನೇರಳೆ ಬಣ್ಣ ಪಾರ್ಟಿ ಆಫೀಸಿನಲ್ಲಿ ಕೆಂಪಗೆ ಕಾಣುತ್ತದಂತೆ. ನಮ್ಮಲ್ಲಿರುವುದು 6500 ಕೆಲ್ವಿನ್ (ಬೆಳಕು ಹಳದಿಯೋ ನೀಲಿಯೋ ಅನ್ನುವ ಅಳತೆ) ಎಲ್‌ಇಡಿ, ಡೇಲೈಟ್ ಅಂತಲೇ ಬರೆದಿದೆ. ಬಣ್ಣ ನೋಡುವ ವ್ಯೂಯಿಂಗ್ ಬೂತ್ ಕೊಳ್ಳುವಷ್ಟು ದುಡ್ಡು ಸದ್ಯಕ್ಕಿಲ್ಲ. ಯಾವ ಲೈಟ್ ಹಾಕಿಸಲಿ?

ಉತ್ತರ: ಸರ್, ಇದು ಮೆಟಮೆರಿಸಂ ಇರಬೇಕು. ಪ್ರೂಫ್‌ನ ಇಂಕ್ ಬೇರೆ, ಮೆಷಿನ್ ಇಂಕ್ ಬೇರೆ. ಒಂದು ಬೆಳಕಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಇನ್ನೊಂದರಲ್ಲಿ ಬೇರೆಯಾಗುತ್ತವೆ. 6500 ಬಟ್ಟೆ, ಪೇಂಟ್‌ನವರ ಲೆಕ್ಕ. ಪ್ರಿಂಟಿಂಗ್‌ಗೆ ಐಎಸ್‌ಒ 3664 (ಪ್ರಿಂಟ್ ನೋಡುವ ಬೆಳಕಿನ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್) ಹೇಳುವುದು ಡಿ50, ಅಂದರೆ ಸುಮಾರು 5000 ಕೆಲ್ವಿನ್‌ನ ಹಗಲು ಬೆಳಕು.

ಆದರೆ ಬರೀ 5000 ಅಂತ ನೋಡಿ ತರಬೇಡಿ. ಟ್ಯೂಬ್ ಮೇಲೆ 850, 950 ಅಂತ ಸಂಖ್ಯೆ ಇರುತ್ತದೆ. ಕೊನೆಯ 50 ಅಂದರೆ 5000 ಕೆಲ್ವಿನ್, ಎರಡರಲ್ಲೂ ಒಂದೇ. ಮೊದಲಿನ 8 ಅಂದರೆ ಸಿಆರ್‌ಐ (ಆ ಬೆಳಕಲ್ಲಿ ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವ, ನೂರಕ್ಕೆ ಕೊಡುವ ಅಂಕ) 80ರ ಮೇಲೆ, 9 ಅಂದರೆ 90ರ ಮೇಲೆ. ಸ್ಟ್ಯಾಂಡರ್ಡ್‌ಗೆ ಕನಿಷ್ಠ 90 ಬೇಕು, ಹಾಗಾಗಿ 950. ಎಲ್‌ಇಡಿ ಆದರೆ ಆರ್9 ಎಷ್ಟು ಅಂತಲೂ ಕೇಳಿ. ಗಾಢ ಕೆಂಪಿನ ಅಂಕ ಅದು, ಸಿಆರ್‌ಐ ಸರಾಸರಿಗೆ ಸೇರಿರುವುದಿಲ್ಲ. ನಿಮ್ಮ ಡಬ್ಬಿಗಳಲ್ಲಿ ಕುಂಕುಮದ ಕೆಂಪು ಇದ್ದೇ ಇರುತ್ತದೆ, ಅಲ್ವಾ?

ಪ್ರೂಫ್ ಪಕ್ಕ ಶೀಟ್ ಇಟ್ಟು ನೋಡುವಾಗ ಟೇಬಲ್ ಮೇಲೆ 2000 ಲಕ್ಸ್ ಬೆಳಕು ಬೀಳಬೇಕು. ಮನೆ, ಆಫೀಸಲ್ಲಿ ಹೇಗೆ ಕಾಣುತ್ತದೆ ಅನ್ನುವುದಕ್ಕೆ 500 ಸಾಕು. ಸುತ್ತಲಿನ ಗೋಡೆಗೆ ಹೊಳಪಿಲ್ಲದ ಬೂದು ಬಣ್ಣ ಬಳಿಸಿ. ಪಕ್ಕದಲ್ಲಿ ಹಸಿರು ಗೋಡೆ ಇದ್ದರೆ ಎಂಥ ಟ್ಯೂಬ್ ಹಾಕಿದರೂ ದುಡ್ಡು ದಂಡ.

ಪ್ರಶ್ನೆ: ಇಂಕೇ ಬೀಳದ ಜಾಗದಲ್ಲೂ ನಮ್ಮ ಬೋರ್ಡ್ (ಡಬ್ಬಿಯ ದಪ್ಪ ಕಾಗದ) ಒಂದು ರೂಮಲ್ಲಿ ನೀಲಿ ಬಿಳಿ, ಇನ್ನೊಂದು ರೂಮಲ್ಲಿ ಹಳದಿ ಬಿಳಿ ಕಾಣುತ್ತದೆ. ಇದೂ ಲೈಟಿಂದಲೇನಾ?

ಉತ್ತರ: ಹೌದು. ಬೋರ್ಡ್ ಬೆಳ್ಳಗೆ ಕಾಣಲಿ ಅಂತ ಬ್ರೈಟ್ನರ್ ಹಾಕಿರುತ್ತಾರೆ. ಅದು ಯುವಿ (ಕಣ್ಣಿಗೆ ಕಾಣದ ನೇರಳಾತೀತ ಕಿರಣ) ಹೀರಿಕೊಂಡು ನೀಲಿ ಬೆಳಕು ಬಿಡುತ್ತದೆ. ಮಾಮೂಲಿ ಬಿಳಿ ಎಲ್‌ಇಡಿಯಲ್ಲಿ ಯುವಿ ಇರುವುದೇ ಇಲ್ಲ ಅನ್ನಬಹುದು, ಹಾಗಾಗಿ ಅದರಡಿ ಬೋರ್ಡ್ ಹಳದಿಯಾಗಿ ಕಾಣುತ್ತದೆ. 2009ರ ಐಎಸ್‌ಒ 3664 ಯುವಿ ಎಷ್ಟಿರಬೇಕು ಅನ್ನುವುದನ್ನೂ ಬಿಗಿ ಮಾಡಿತು. ಎಲ್‌ಇಡಿ ಮಾರುವವರು ‘ಡಿ50’ ಅಂದರೆ ಯುವಿ ಸೇರಿದೆಯಾ ಅಂತ ಕೇಳಿ, ಬೆಳಕಲ್ಲಿ ಯಾವ ಬಣ್ಣ ಎಷ್ಟಿದೆ ಅಂತ ತೋರಿಸುವ ಸ್ಪೆಕ್ಟ್ರಮ್ ಗ್ರಾಫ್ ತರಿಸಿ. ಕೊಡಲು ತಡವರಿಸಿದರೆ ಬಿಟ್ಟುಬಿಡಿ.

ಪ್ರಶ್ನೆ: ಸುಮ್ನೆ ಬಾಗಿಲಿಗೆ ಬಂದು ಬಿಸಿಲಲ್ಲಿ ನೋಡಿದರೆ ಆಗಲ್ವಾ? ನಮ್ಮ ಹಳೇ ಮೆಷಿನ್‌ಮ್ಯಾನ್ ಹಾಗೇ ನೋಡುವುದು.

ಉತ್ತರ: ಬಣ್ಣ ಬದಲಾಗುತ್ತದಾ ಅಂತ ತಿಳಿಯಲು ನೋಡಲಿ, ಒಳ್ಳೆಯದೇ. ಓಕೆ ಸಹಿ ಮಾತ್ರ ಅಲ್ಲಿ ಬೇಡ. ಸಂಜೆ ಬಿಸಿಲು ಹಳದಿ, ನೆರಳು ನೀಲಿ, ಮೋಡ ಬಂದರೆ ಇನ್ನೊಂದು. ಟೇಬಲ್ ಮೇಲಿನ ಟ್ಯೂಬ್ ಹಚ್ಚಿ ಕಾಲು ಗಂಟೆ ಕಾಯಿರಿ, ಉಳಿದ ಲೈಟ್ ಆರಿಸಿ, ಪಾರ್ಟಿಯನ್ನೇ ಕರೆಸಿ ಅಲ್ಲೇ ಸಹಿ ಹಾಕಿಸಿ. ಬರಲಾಗದಿದ್ದರೆ ಅಂಥದ್ದೇ ಟ್ಯೂಬ್ ಅವರ ಆಫೀಸಿಗೂ ಹಾಕಿಸಿಕೊಡಿ. ಒಂದು ಜಾಬ್ ವಾಪಸ್ ಬರುವುದಕ್ಕಿಂತ ಅಗ್ಗ.