ಕ್ಯಾಂಪಿನಲ್ಲಿ 6/12, ಓಪಿಡಿಯಲ್ಲಿ 6/24: ಅಜ್ಜಿ ಅದೇ, ಕಣ್ಣೂ ಅದೇ

ಬಿಎಸ್ಸಿ_ನರ್ಸಿಂಗ್_ಬೆಂಗಳೂರು:
ಎಲ್ಲರಿಗೂ ನಮಸ್ಕಾರ. ಶ್ರೀರಾಮಪುರದ ಕಡೆ ಒಂದು ಅಂಗನವಾಡಿಯಲ್ಲಿ ನಮ್ಮ ಕಣ್ಣಿನ ತಪಾಸಣೆ ಕ್ಯಾಂಪ್ ಇತ್ತು. ಒಬ್ಬ ಅಜ್ಜಿಯ ಬಲಗಣ್ಣು ಸ್ನೆಲನ್ ಚಾರ್ಟ್‌ನಲ್ಲಿ (ಸಾಲು ಸಾಲಾಗಿ ಅಕ್ಷರ ಓದಿಸೋ ಪಟ) 6/12 ಬಂತು. ಅದೇ ವಾರ ಆಸ್ಪತ್ರೆಯ ಓಪಿಡಿಯಲ್ಲಿ (ಹೊರರೋಗಿ ವಿಭಾಗ) ನೋಡಿದರೆ 6/24! ಎರಡು ಸಲವೂ ಕನ್ನಡಕ ಹಾಕಿರಲಿಲ್ಲ. ಇಷ್ಟು ಬೇಗ ದೃಷ್ಟಿ ಇಳಿಯುತ್ತಾ?

ಕಣ್ಣಿನ_ವಾರ್ಡ್_ಸಿಸ್ಟರ್:
ಇಳಿದಿರಲಿಕ್ಕಿಲ್ಲಮ್ಮ. ಕೋಣೆ ಎಷ್ಟು ಉದ್ದ ಇತ್ತು? ಹಾಗೇ ಚಾರ್ಟ್‌ನ ಎಲ್ಲಕ್ಕಿಂತ ದೊಡ್ಡ ಅಕ್ಷರಕ್ಕೆ ಸ್ಕೇಲ್ ಇಟ್ಟು ನೋಡು. 6 ಮೀಟರ್ ದೂರದಿಂದ ಓದಿಸೋ ಚಾರ್ಟ್ ಆದರೆ ಅದರ ಎತ್ತರ ಹೆಚ್ಚುಕಮ್ಮಿ 8.8 ಸೆಂಟಿಮೀಟರ್ ಇರುತ್ತೆ. 3 ಮೀಟರ್‌ನದ್ದಾದರೆ ಅದರ ಅರ್ಧ.

ಬಿಎಸ್ಸಿ_ನರ್ಸಿಂಗ್_ಬೆಂಗಳೂರು:
ಅಕ್ಷರ 9 ಸೆಂಟಿಮೀಟರ್‌ಗೆ ಚೂರು ಕಮ್ಮಿ ಇದೆ ಸಿಸ್ಟರ್. ಆದರೆ ಅಜ್ಜಿ ಗೋಡೆಗೆ ಒರಗಿ ಕೂತರೂ ಚಾರ್ಟ್‌ಗೆ ಹತ್ತೇ ಅಡಿ.

ಕಣ್ಣಿನ_ವಾರ್ಡ್_ಸಿಸ್ಟರ್:
ಅಲ್ಲೇ ಇದೆ ನೋಡು. ಮೇಲಿನ ಅಂಕಿ ಅಂದರೆ ರೋಗಿ ಕೂತ ದೂರ. ಕೆಳಗಿನದು ಸರಿಯಾದ ಕಣ್ಣಿಗೆ ಆ ಸಾಲು ಎಷ್ಟು ದೂರದಿಂದ ಕಾಣಬೇಕು ಅನ್ನೋದು. ಹತ್ತಡಿ ಅಂದರೆ 3 ಮೀಟರ್. ಹಾಗಾಗಿ ನಿನಗೆ ಬಂದದ್ದು 3/12, ಅಂದರೆ 6/24. ಓಪಿಡಿ ಲೆಕ್ಕವೂ ಅದೇ ಅಲ್ವಾ? ಹಳೇ ಅಂಕಿಯ ಮೇಲೆ ಒಂದೇ ಗೆರೆ ಎಳೆದು, 3/12 ಬರೆದು, ದಿನಾಂಕ ಹಾಕಿ ಸಹಿ ಮಾಡು. ವೈಟ್ನರ್ ಬೇಡ.

ಮುಂದಿನ ಸಲ ಜಾಗ ಸಾಲದಿದ್ದರೆ ಉಲ್ಟಾ ಅಕ್ಷರದ ಚಾರ್ಟ್ ರೋಗಿಯ ತಲೆಯ ಹಿಂದೆ, ತುಸು ಮೇಲೆ ಕಟ್ಟಿ, 3 ಮೀಟರ್ ದೂರದ ಕನ್ನಡಿಯಲ್ಲಿ ಓದಿಸು. ಹೋಗಿ ಬರೋ ದೂರ ಸೇರಿ 6 ಮೀಟರ್ ಆಗುತ್ತೆ. ಇನ್ನೊಂದು ಕಣ್ಣನ್ನು ಅಂಗೈ ಗುಳಿ ಮಾಡಿ ಮುಚ್ಚಿಸು. ಬೆರಳಲ್ಲಿ ಮುಚ್ಚಿದರೆ ಸಂದಿಯಿಂದ ನೋಡ್ತಾರೆ, ಒತ್ತಿದರೆ ಆಮೇಲೆ ಆ ಕಣ್ಣು ಸ್ವಲ್ಪ ಹೊತ್ತು ಮಂಜು.

ಪಿಎಚ್‌ಸಿ_ಹುಡುಗ:
ನಮ್ಮ ಏರಿಯಾದಲ್ಲಿ ತಮಿಳು, ಉರ್ದು, ತೆಲುಗು ಎಲ್ಲಾ ಬರ್ತಾರೆ. ಬೇರೆ ಬೇರೆ ಕಡೆ ತಿರುಗಿಸಿದ ಇಂಗ್ಲಿಷ್ ‘E’ ಅಕ್ಷರದ ಚಾರ್ಟ್ ಇಟ್ಟುಕೊಳ್ಳಿ. E ಕಾಲುಗಳು ಯಾವ ಕಡೆ ಅಂತ ಕೈ ತೋರಿಸಿದರೆ ಸಾಕು, ಓದು ಬರಹ ಬೇಕಿಲ್ಲ.

ಬಿಎಸ್ಸಿ_ನರ್ಸಿಂಗ್_ಬೆಂಗಳೂರು:
ಥ್ಯಾಂಕ್ಸ್! ಓಪಿಡಿಯಲ್ಲಿ ಪಿನ್‌ಹೋಲ್ (ಸಣ್ಣ ತೂತಿನ ಮುಚ್ಚಳ) ಇಟ್ಟು ನೋಡಿಸಿದರೂ 6/24 ದಾಟಲಿಲ್ಲ. ರಾತ್ರಿ ಬಸ್ಸಿನ ಹೆಡ್‌ಲೈಟ್ ಕಣ್ಣಿಗೆ ಚುಚ್ಚುತ್ತೆ ಅಂತಾರೆ. ಪೊರೆನಾ?

ಕಣ್ಣಿನ_ವಾರ್ಡ್_ಸಿಸ್ಟರ್:
ಇರಬಹುದು, ಆದರೆ ಅದನ್ನು ಡಾಕ್ಟರ್ ಹೇಳಲಿ. ಪಿನ್‌ಹೋಲ್‌ನಲ್ಲಿ ಸುಧಾರಿಸಿದರೆ ಕನ್ನಡಕದ ನಂಬರ್ ಸಮಸ್ಯೆ. ಸುಧಾರಿಸದಿದ್ದರೆ ಪೊರೆ, ಅಕ್ಷಿಪಟಲ (ರೆಟಿನಾ) ಅಥವಾ ನರದ ಕಡೆ ನೋಡಬೇಕು. ನೀನು ಅಜ್ಜಿ ಹೇಳಿದ್ದನ್ನು ಅವರ ಮಾತಲ್ಲೇ ಬರಿ. ನೋವಿದೆಯಾ, ಮೆಲ್ಲಗೆ ಮಂಜಾಯಿತಾ, ದಿಢೀರನೆ ಆಯಿತಾ ಅಂತ ಕೇಳು. ಪೊರೆ ಸಾಮಾನ್ಯವಾಗಿ ನೋವಿಲ್ಲದೆ ನಿಧಾನಕ್ಕೆ ಬರುತ್ತೆ. ಕಣ್ಣು ಕೆಂಪಗಾಗಿ, ತಲೆ ಸಿಡಿದು, ವಾಂತಿಯಾಗಿ, ದೀಪದ ಸುತ್ತ ಬಣ್ಣದ ಬಳೆ ಕಂಡರೆ ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡ ಏರೋ ಕಾಯಿಲೆ) ಇರಬಹುದು. ಅವರನ್ನು ಕ್ಯೂನಲ್ಲಿ ಕೂರಿಸಬೇಡ, ಅವತ್ತೇ ಕಳಿಸು.

ಪಿಎಚ್‌ಸಿ_ಹುಡುಗ:
ವೈವಾದಲ್ಲಿ (ಮೌಖಿಕ ಪರೀಕ್ಷೆ) ಇದನ್ನೂ ಕೇಳ್ತಾರೆ. ಕಣ್ಣಿಗೆ ಸುಣ್ಣವೋ ಆ್ಯಸಿಡ್ಡೋ ಬಿದ್ದು ಬಂದರೆ ಮೊದಲು ಚಾರ್ಟ್ ಅಲ್ಲ, ನೀರು. ಚೆನ್ನಾಗಿ ತೊಳೆದ ಮೇಲೆಯೇ ಓದಿಸೋದು.