ಸಹಾಯ ಬೇಕು: ಅಮ್ಮನ ಜೊತೆ ತಿಯೋತಿವಾಕಾನ್, ಒಂದೇ ದಿನ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಕೆಲಸದ ಮೇಲೆ ಮೆಕ್ಸಿಕೋ ಸಿಟಿಗೆ ಹೋಗುತ್ತಿದ್ದೇನೆ, ಅಮ್ಮನೂ ಬರುತ್ತಿದ್ದಾರೆ. ಸಿಗುವುದು ಒಂದೇ ರಜೆ. ಅವತ್ತು ತಿಯೋತಿವಾಕಾನ್ ಅನ್ನೋ ಪಿರಮಿಡ್‌ಗಳಿರುವ ಪ್ರಾಚೀನ ಊರನ್ನು ನೋಡಲೇಬೇಕು ಅಂತ ನನ್ನ ಹಟ.

ಸಿಟಿಯಿಂದ ಸುಮಾರು 50 ಕಿ.ಮೀ. ಮೆಕ್ಸಿಕೋವನ್ನು ಹಿಂದೆ ಆಳಿದ ಅಜ್ಟೆಕ್ ಜನ ಬರುವ ಎಷ್ಟೋ ಶತಮಾನ ಮೊದಲೇ ಹಾಳು ಬಿದ್ದಿದ್ದ ಊರದು, ಈಗಿನ ಹೆಸರೂ ಅವರು ಇಟ್ಟಿದ್ದೇ. ಒಂದು ಕಾಲಕ್ಕೆ ಲಕ್ಷ ಜನ ಇದ್ದರಂತೆ, ಅದೂ ಹೆಚ್ಚಿನವರು ನಮ್ಮ ವಠಾರದ ಥರ ಒಂದೇ ಗೋಡೆಯೊಳಗೆ ಹಲವು ಸಂಸಾರ ಇರುವ ಕಲ್ಲಿನ ಕಟ್ಟಡಗಳಲ್ಲಿ! ನನಗೆ ಪಿರಮಿಡ್‌ಗಿಂತ ಈ ವಠಾರಗಳ ಮೇಲೇ ಜಾಸ್ತಿ ಕುತೂಹಲ. ಅಂಥದ್ದೇ ಒಂದು ವಠಾರವಾದ ತೆಪಾಂತಿತ್ಲದಲ್ಲಿ ಗೋಡೆಚಿತ್ರಗಳು ಇನ್ನೂ ಉಳಿದಿವೆ.

ಸಮಸ್ಯೆ ಅಮ್ಮನ ಮಂಡಿ ನೋವು. ಸತ್ತವರ ಬೀದಿ ಅಂತ ಕರೆಯುವ ನಡುರಸ್ತೆಯೇ 2 ಕಿ.ಮೀ.ಗೂ ಉದ್ದ, ನೆರಳಿಲ್ಲ, ಊರು ಬೇರೆ 2,200 ಮೀಟರ್‌ಗೂ ಎತ್ತರದಲ್ಲಿದೆ, ಸುಮ್ನೆ ನಡೆದರೂ ಏದುಸಿರು ಬರಬಹುದು. 65 ಮೀಟರ್ ಎತ್ತರದ ಸೂರ್ಯನ ಪಿರಮಿಡ್ ಹತ್ತುವ ಆಸೆ ನಮಗಿಲ್ಲ, ಕೆಳಗೆ ನಿಂತು ನೋಡಿದರೆ ಸಾಕು.

ಹೋಗಿ ಬಂದವರು ಹೇಳಿ: ಕಡಿಮೆ ನಡೆಯಬೇಕೆಂದರೆ ಯಾವ ಗೇಟಿನಿಂದ ಒಳಗೆ ಹೋಗಬೇಕು? ಗರಿಹಾವಿನ (ಗರಿಗಳಿರುವ ಹಾವಿನ ರೂಪದ ದೇವರ) ಗುಡಿ ಆ ಬೀದಿಯ ದಕ್ಷಿಣದ ಕಡೆ ಇದೆ, 2003ರಲ್ಲಿ ಮಳೆಗೆ ನೆಲ ಕುಸಿದು ಸುರಂಗ ಸಿಕ್ಕಿದ್ದು, ಆಮೇಲೆ ಒಳಗೆ ಪಾದರಸ ಸಿಕ್ಕಿದ್ದು ಅಲ್ಲೇ ಅಲ್ವಾ, ಅದನ್ನು ಬಿಡಲು ಮನಸ್ಸಿಲ್ಲ. ಗೇಟಿಂದ ಗೇಟಿಗೆ ಟ್ಯಾಕ್ಸಿ ಸಿಗುತ್ತಾ? ಮೆಕ್ಸಿಕೋ ಸಿಟಿಯ ಉತ್ತರದ ಬಸ್ ನಿಲ್ದಾಣದಿಂದ ಬಸ್ಸಿದೆ, ವಯಸ್ಸಾದವರಿಗೆ ಪರವಾಗಿಲ್ವಾ? ಹಾಂ, ಅಮ್ಮ ಮೊಟ್ಟೆಯನ್ನೂ ತಿನ್ನಲ್ಲ. ಹತ್ತಿರ ಏನು ಸಿಗುತ್ತೆ, ಇಲ್ಲ ಚಪಾತಿ ಕಟ್ಟಿಕೊಂಡೇ ಹೋಗಲಾ?